ಚನ್ನಪಟ್ಟಣ ಮುಟ್ಟದ ಬಸ್ಸು, ರಕ್ತ ಸೇರದ ಕಬ್ಬಿಣ

ಬೀಟ್‌ರೂಟ್ ಕೆಂಪಗಿರುವುದಕ್ಕೂ ರಕ್ತ ಕೆಂಪಗಿರುವುದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಒಂದರ ಬಣ್ಣ ಬೀಟಲೈನ್ ಎಂಬ ಸಸ್ಯವರ್ಣದ್ದು, ಇನ್ನೊಂದರದ್ದು ಕಬ್ಬಿಣ ಹೊತ್ತ ಹಿಮೋಗ್ಲೋಬಿನ್‌ನದು. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂನಷ್ಟು ಕಬ್ಬಿಣ ಕೂಡ ಇರುವುದಿಲ್ಲ. ಆದರೂ ತೂಕ ಇಳಿಸುವ ಆಪರೇಷನ್ ಆಗಿ ಎರಡು ವರ್ಷ ಕಳೆದ ಹೆಂಗಸಿನ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 8.6 ಎಂದು ಬಂತೋ, ಮನೆಯಲ್ಲಿ ಮೊದಲು ತಿರುಗುವುದು ಮಿಕ್ಸಿ. ಬೀಟ್‌ರೂಟ್ ಆಯಿತು, ದಾಳಿಂಬೆ ಆಯಿತು, ಖರ್ಜೂರ ಆಯಿತು. 'ಊಟ ಕಡಿಮೆ ಆಯ್ತಲ್ಲ, ಅದಕ್ಕೇ ರಕ್ತ ಇಲ್ಲ' ಎಂಬ ತೀರ್ಪೂ ಆಯಿತು.

ಊಟ ಕಡಿಮೆಯಾದದ್ದು ನಿಜ. ಆದರೆ ಕಬ್ಬಿಣ ಕಡಿಮೆಯಾಗಲು ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಆಪರೇಷನ್ ಕಬ್ಬಿಣದ ದಾರಿಯನ್ನೇ ತಿರುಗಿಸಿದೆ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ಉದ್ಘಾಟನೆಯಾದ ಮೇಲೆ ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ಏನಾಯಿತು ನೆನಪಿಸಿಕೊಳ್ಳಿ. ಬೊಂಬೆ ಕಡಿಮೆಯಾಗಲಿಲ್ಲ, ಮೈಸೂರಿಗೆ ಹೋಗುವವರೂ ಕಡಿಮೆಯಾಗಲಿಲ್ಲ. ವಾಹನಗಳು ಊರಿನ ಹೊರಗೇ ಹಾದುಹೋದವು, ಅಷ್ಟೇ. 'ಗ್ಯಾಸ್ಟ್ರಿಕ್ ಬೈಪಾಸ್' ಎಂಬ ಹೆಸರಿನಲ್ಲಿರುವ ಬೈಪಾಸ್ ಇದೇ ಬೈಪಾಸ್. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವೊಂದನ್ನು ಉಳಿಸಿಕೊಂಡು, ಅದನ್ನು ಸಣ್ಣಕರುಳಿನಲ್ಲಿ ಇನ್ನಷ್ಟು ಮುಂದಿನ ಭಾಗಕ್ಕೆ ನೇರವಾಗಿ ಹೊಲಿಯುತ್ತಾರೆ. ಅನ್ನ ಹೊಸ ರಸ್ತೆಯಲ್ಲಿ ಹೋಗುತ್ತದೆ. ಉಳಿದ ಜಠರ ಮತ್ತು ಸಣ್ಣಕರುಳಿನ ಮೊದಲ ಭಾಗ ಹಳೇ ರಸ್ತೆಯಾಗಿ ಬದಿಗೆ ಉಳಿಯುತ್ತವೆ. ಅಲ್ಲಿ ಪಿತ್ತರಸ, ಮೇದೋಜೀರಕ ರಸ ಮಾತ್ರ ಹರಿದು ಬಂದು ಮುಂದೆ ಅನ್ನವನ್ನು ಕೂಡಿಕೊಳ್ಳುತ್ತವೆ. ಎರಡು ರಸ್ತೆ ಕೂಡುವ ಜಾಗ ಇಂಗ್ಲಿಷಿನ ವೈ ಅಕ್ಷರದಂತೆ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಸರ್ಜನ್ ಸೀಸರ್ ರೂ ಹೆಸರು ಈ ಜೋಡಣೆಗೆ ಅಂಟಿಕೊಂಡಿದೆ.

ಹಳೇ ರಸ್ತೆಯಲ್ಲಿ ಉಳಿದುಹೋದ ಆ ಮೊದಲ ಭಾಗವೇ ಡ್ಯುಯೋಡಿನಮ್. ಗ್ರೀಕರು ಅದನ್ನು ಕರೆದದ್ದು 'ಹನ್ನೆರಡು ಬೆರಳು' ಎಂದು, ಅಂದರೆ ಹನ್ನೆರಡು ಬೆರಳಗಲ ಉದ್ದದ್ದು. ನಮ್ಮ ಹಳೇ ಅಳತೆಯಲ್ಲಿ ಹನ್ನೆರಡು ಅಂಗುಲಕ್ಕೆ ಒಂದು ಗೇಣು. ಸಣ್ಣಕರುಳು ಮೀಟರುಗಟ್ಟಲೆ ಉದ್ದವಿದ್ದರೂ ಕಬ್ಬಿಣವನ್ನು ರಕ್ತಕ್ಕೆ ಹೀರುವ ವ್ಯಾಪಾರದ ಬಹುಪಾಲು ನಡೆಯುವುದು ಈ ಒಂದು ಗೇಣಿನಲ್ಲಿ ಮತ್ತು ಅದರ ಮುಂದಿನ ಸ್ವಲ್ಪ ದೂರದಲ್ಲಿ. ಹೊಟ್ಟೆ ಪಾಡಿಗೆ ನಾವು ಗೇಣು ತೋರಿಸುವುದು ಸುಮ್ಮನಲ್ಲ!

ಹಾಗಾದರೆ ತೂಕ ಇಳಿಸುವ ಇನ್ನೊಂದು ಆಪರೇಷನ್ 'ಸ್ಲೀವ್' ಮಾಡಿಸಿಕೊಂಡವರು ಬಚಾವೇ? ಅವರಿಗೆ ಬೈಪಾಸ್ ರಸ್ತೆ ಇಲ್ಲ, ಡ್ಯುಯೋಡಿನಮ್ ದಾರಿಯಲ್ಲೇ ಇದೆ. ಆದರೆ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ತೆಗೆದಿರುತ್ತಾರೆ, ಅದರ ಜೊತೆ ಆಮ್ಲ ಸುರಿಸುವ ಜೀವಕೋಶಗಳೂ ಹೋಗಿರುತ್ತವೆ. ಕಾಳು, ಸೊಪ್ಪು, ಧಾನ್ಯಗಳಲ್ಲಿರುವ ಕಬ್ಬಿಣ ಫೆರಿಕ್ ರೂಪದ್ದು, ಒಂದು ಬಗೆಯಲ್ಲಿ ತುಕ್ಕಿನ ಸಂಬಂಧಿ. ಹುಳಿ ಬಿದ್ದರೆ ಮಾತ್ರ ಅದು ಕರಗುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕದೆ ಬರೀ ನೀರಿನಲ್ಲಿ ಉಜ್ಜಿ ನೋಡಿ, ಗೊತ್ತಾಗುತ್ತದೆ. ಮಾಂಸದಲ್ಲಿರುವ ಹೀಮ್ ಕಬ್ಬಿಣಕ್ಕೆ ಬೇರೆಯೇ ಬಾಗಿಲಿದೆ, ಅದಕ್ಕೆ ಹುಳಿಯ ಹಂಗು ಕಡಿಮೆ. ಆದರೆ ಚಿಕ್ಕ ಚೀಲದವರಿಗೆ ಒಣ ಮಾಂಸದ ತುಂಡು ಸಿಕ್ಕಿಕೊಂಡಂತಾಗಿ ವಾಂತಿ ಬರುವುದುಂಟು, ಹಾಗಾಗಿ ಅನೇಕರು ಅದನ್ನೇ ಬಿಡುತ್ತಾರೆ.

ಇದೇನು ಹೊಸ ಸಂಗತಿಯೂ ಅಲ್ಲ. ವಿಯೆನ್ನಾದ ಬಿಲ್‌ರೋತ್ 1881ರಲ್ಲಿ ಕ್ಯಾನ್ಸರಿಗಾಗಿ ಜಠರದ ಭಾಗವನ್ನು ಯಶಸ್ವಿಯಾಗಿ ಕತ್ತರಿಸಿದ ಮೇಲೆ ಹುಣ್ಣಿನ ರೋಗಕ್ಕೂ ಅದೇ ದಾರಿ ಹಿಡಿಯಲಾಯಿತು. ಹಾಗೆ ಜಠರ ಕಳೆದುಕೊಂಡವರು ತೆಳ್ಳಗಾದರು, ಬಿಳಿಚಿಕೊಂಡರು. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅವರ ಕಣ್ಣಿಗೆ ಬಿದ್ದದ್ದು ತೆಳ್ಳಗಾದದ್ದು. 1966ರಲ್ಲಿ ಚಿಕಾಶಿ ಇಟೊ ಜೊತೆ ಸೇರಿ ಅವರು ತೂಕ ಇಳಿಸಲೆಂದೇ ಗ್ಯಾಸ್ಟ್ರಿಕ್ ಬೈಪಾಸ್ ಶುರುಮಾಡಿದರು. ಬಿಳಿಚಿಕೊಳ್ಳುವುದು ಅದರ ಜೊತೆಗೇ ಬಂತು.

ಈಗ ನನಗೆ ಬಹಳ ಇಷ್ಟವಾದ ಭಾಗ. ಡ್ಯುಯೋಡಿನಮ್‌ನ ಒಂದೊಂದು ಜೀವಕೋಶವೂ ಎಪಿಎಂಸಿ ಯಾರ್ಡಿನ ಒಂದೊಂದು ಮಳಿಗೆ. ಕರುಳಿನ ಕಡೆಗೆ ಮುಂಬಾಗಿಲು, ರಕ್ತದ ಕಡೆಗೆ ಹಿಂಬಾಗಿಲು. ಮುಂಬಾಗಿಲಿನ ಹೆಸರು ಡಿಎಂಟಿ-1. ಅದು ಫೆರಸ್ ಎಂಬ ಇನ್ನೊಂದು ರೂಪದ ಕಬ್ಬಿಣವನ್ನು ಮಾತ್ರ ಒಳಗೆ ಬಿಡುತ್ತದೆ, ಫೆರಿಕ್ ಬಂದರೆ ಬಾಗಿಲಲ್ಲೇ ವೇಷ ಬದಲಿಸಬೇಕು. ಒಳಗೆ ಫೆರಿಟಿನ್ ಎಂಬ ಗೋದಾಮು. ಹಿಂಬಾಗಿಲು ಫೆರೊಪೋರ್ಟಿನ್. ಅಲ್ಲಿ ಟ್ರಾನ್ಸ್‌ಫೆರಿನ್ ಎಂಬ ಲಾರಿ ಕಾದು ನಿಂತಿರುತ್ತದೆ. ಈ ಹಿಂಬಾಗಿಲಿನ ಬೀಗದ ಕೈ ಮಾತ್ರ ಮಳಿಗೆಯವನ ಬಳಿ ಇಲ್ಲ, ಅದು ಇರುವುದು ಯಕೃತ್ತಿನ ಬಳಿ. ಯಕೃತ್ತು ಹೆಪ್ಸಿಡಿನ್ ಎಂಬ ಚಿಕ್ಕ ಪ್ರೋಟೀನನ್ನು ರಕ್ತಕ್ಕೆ ಬಿಟ್ಟರೆ ಹಿಂಬಾಗಿಲು ಮುಚ್ಚುತ್ತದೆ. ಅಣೆಕಟ್ಟೆಯ ಗೇಟು ಎಂದರೂ ಆದೀತು: ಎಷ್ಟೇ ಒಳಹರಿವಿದ್ದರೂ ಎಂಜಿನಿಯರ್ ಗೇಟು ಎತ್ತದೆ ನಾಲೆಗೆ ಹನಿ ನೀರಿಲ್ಲ. ಇನ್ನೂ ಒಂದು ಮಾತಿದೆ. ಗೋದಾಮಿನಲ್ಲಿ ಕೊಳೆತ ಮಾಲು ಹೊರಗೆ ಬೀಳುವಂತೆ, ಕರುಳಿನ ಆ ಜೀವಕೋಶ ಕೆಲವೇ ದಿನಗಳಲ್ಲಿ ಉದುರಿ ಮಲದ ಜೊತೆ ಹೋಗುತ್ತದೆ, ಒಳಗೆ ಸಿಕ್ಕಿಬಿದ್ದ ಕಬ್ಬಿಣವೂ ಅದರ ಹಿಂದೆ.

ಬೊಜ್ಜಿನ ಮೈಯಲ್ಲಿ ಸಣ್ಣ ಉರಿಯೂತವೊಂದು ಸದಾ ಹೊಗೆಯಾಡುತ್ತಿರುತ್ತದೆ. ಉರಿಯೂತ ಹೆಪ್ಸಿಡಿನ್ ಏರಿಸುತ್ತದೆ. ಹಾಗಾಗಿ ಎಷ್ಟೋ ಮಂದಿ ಆಪರೇಷನ್ ಟೇಬಲ್ ಏರುವಾಗಲೇ ಕಬ್ಬಿಣದ ಕೊರತೆಯಲ್ಲಿರುತ್ತಾರೆ. ತೂಕ ಇಳಿದಂತೆ ಹೆಪ್ಸಿಡಿನ್ ಇಳಿಯುತ್ತದೆ, ಬೀಗ ತೆರೆಯುತ್ತದೆ. ವಿಚಿತ್ರ ನೋಡಿ, ಅಂಗಡಿ ಬಾಗಿಲು ತೆರೆದ ಹೊತ್ತಿಗೆ ಬಸ್ಸು ಊರಿಗೆ ಬರುವುದನ್ನು ನಿಲ್ಲಿಸಿರುತ್ತದೆ.

ಕೊರತೆ ಎರಡು ವರ್ಷ ಬಿಟ್ಟು ಕಾಣಿಸಿಕೊಳ್ಳುವುದೇಕೆ? ಕಬ್ಬಿಣವನ್ನು ದೇಹ ಜಿಪುಣನಂತೆ ನಡೆಸುತ್ತದೆ. 120 ದಿನಕ್ಕೆ ಸಾಯುವ ಕೆಂಪು ಕಣಗಳನ್ನು ಒಡೆದು ದಿನಕ್ಕೆ 20ರಿಂದ 25 ಮಿ.ಗ್ರಾಂ ಕಬ್ಬಿಣ ಮರಳಿ ಪಡೆಯುತ್ತದೆ. ಊಟದಿಂದ ಬೇಕಾದದ್ದು ಒಂದೆರಡು ಮಿ.ಗ್ರಾಂ ಮಾತ್ರ. ರಿಪೋರ್ಟಿನಲ್ಲಿ ಫೆರಿಟಿನ್ 40 ಇದ್ದರೆ, ಒಂದೊಂದು ಅಂಕಕ್ಕೆ 8ರಿಂದ 10 ಮಿ.ಗ್ರಾಂನಂತೆ, ಇಡೀ ಮೈಯ ಗೋದಾಮಿನಲ್ಲಿ ಸುಮಾರು 320ರಿಂದ 400 ಮಿ.ಗ್ರಾಂ ಇದೆ ಎಂದರ್ಥ. ಮುಟ್ಟಾಗುವ ಹೆಂಗಸಿಗೆ ದಿನದ ಸರಾಸರಿ ಖರ್ಚು ಒಂದೂವರೆ, ಬೈಪಾಸ್ ಆದಮೇಲೆ ಜಮೆ ಒಂದು ಎಂದು ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಮಿ.ಗ್ರಾಂ ಸೋರಿಕೆ, ವರ್ಷಕ್ಕೆ 180. ಎರಡು ವರ್ಷಕ್ಕೆ ಗೋದಾಮು ಖಾಲಿ. ಹಿಮೋಗ್ಲೋಬಿನ್ ಬೀಳುವುದು ಎಲ್ಲಕ್ಕಿಂತ ಕೊನೆಗೆ. ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆಯಿಂದ ಮುಟ್ಟು ನಿಂತಿದ್ದವರಿಗೆ ತೂಕ ಇಳಿದ ಮೇಲೆ ಅದು ಮತ್ತೆ ಶುರುವಾಗುತ್ತದೆ. ಸಂತೋಷದ ವಿಷಯವೇ, ಆದರೆ ಖರ್ಚಿನ ಕಡೆ ಇನ್ನೊಂದು ಸಾಲು ಸೇರಿತು.

ಆದ್ದರಿಂದ ಹಿಮೋಗ್ಲೋಬಿನ್ ಒಂದನ್ನೇ ನೋಡಿ 'ನಾರ್ಮಲ್' ಎಂದುಕೊಳ್ಳಬಾರದು. ಆಪರೇಷನ್ ಆದ ಮೂರು ತಿಂಗಳಿಗೆ, ಆಮೇಲೆ ವರ್ಷ ತುಂಬುವವರೆಗೆ ಮೂರರಿಂದ ಆರು ತಿಂಗಳಿಗೊಮ್ಮೆ, ನಂತರ ಜೀವಮಾನವಿಡೀ ವರ್ಷಕ್ಕೊಮ್ಮೆ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಆ ಲಾರಿ ಶೇಕಡಾ ಎಷ್ಟು ತುಂಬಿದೆ ಎಂಬ ಲೆಕ್ಕ), ಸಿಬಿಸಿ (ರಕ್ತಕಣಗಳ ಎಣಿಕೆ), ಬಿ-12, ಫೋಲೇಟ್ ನೋಡಬೇಕು. ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕೊರತೆ ಎಂದೇ ಲೆಕ್ಕ. ಆದರೆ ಉರಿಯೂತವಿದ್ದಾಗ ಫೆರಿಟಿನ್ ಸುಳ್ಳು ಹೇಳುತ್ತದೆ, ಇಲ್ಲದ್ದನ್ನು ಇದೆ ಎನ್ನುತ್ತದೆ. ಆಗ ಉರಿಯೂತ ಅಳೆಯುವ ಸಿಆರ್‌ಪಿ ಪರೀಕ್ಷೆಯನ್ನು ಜೊತೆಗಿಟ್ಟು ನೋಡಬೇಕು. ಸ್ಯಾಚುರೇಶನ್ 20ರ ಕೆಳಗಿದ್ದರೆ ಫೆರಿಟಿನ್ 80 ಇದ್ದರೂ ನೆಮ್ಮದಿ ಬೇಡ. ಕಬ್ಬಿಣ ಕಡಿಮೆಯಾದರೆ ಕೆಂಪು ಕಣ ಕುಗ್ಗುತ್ತದೆ, ಬಿ-12 ಕಡಿಮೆಯಾದರೆ ಹಿಗ್ಗುತ್ತದೆ. ಎರಡೂ ಒಟ್ಟಿಗೆ ಕಡಿಮೆಯಾದರೆ ಎಂಸಿವಿ, ಅಂದರೆ ಕಣಗಳ ಸರಾಸರಿ ಗಾತ್ರ, ಸರಿಯಾಗೇ ಕಾಣುತ್ತದೆ. ಗುಟ್ಟು ಬಿಟ್ಟುಕೊಡುವುದು ಏರಿದ ಆರ್‌ಡಿಡಬ್ಲ್ಯೂ, ಅಂದರೆ ಕಣಗಳ ಗಾತ್ರದಲ್ಲಿನ ಏರುಪೇರಿನ ಅಳತೆ. ಪರೀಕ್ಷೆಯ ಹಿಂದಿನ ದಿನದಿಂದ ಕಬ್ಬಿಣದ ಮಾತ್ರೆ ನುಂಗಬೇಡಿ, ಸೀರಮ್ ಐರನ್ ಅಂಕ ಕೆಡುತ್ತದೆ. ಇದೆಲ್ಲದರ ಮೊದಲೇ ಒಂದು ಸೂಚನೆ ಅಡುಗೆಮನೆಯಲ್ಲಿ ಸಿಕ್ಕೀತು: ಫ್ರಿಜ್ಜಿನ ಐಸ್ ಕಟಕಟ ಜಗಿಯುವ ಚಪಲ, ಹಸಿ ಅಕ್ಕಿ, ಬಳಪ, ಮಣ್ಣಿನ ವಾಸನೆಯ ಆಸೆ. ಇದನ್ನು ದೃಷ್ಟಿ, ಗಾಳಿ, ಬಸುರಿನ ಬಯಕೆ ಎಂದು ತಳ್ಳಿಹಾಕಿದ ಮನೆಗಳು ಕಡಿಮೆಯೇನಲ್ಲ.

ಈಗ ಮಾತ್ರೆ. ಸ್ಟ್ರಿಪ್ಪನ್ನು ತಿರುಗಿಸಿ ಹಿಂಬದಿ ಓದಿ. ಮೇಲೆ ದಪ್ಪಕ್ಷರದಲ್ಲಿರುವುದು ಲವಣದ ತೂಕವಾಗಿರಬಹುದು, ನಿಮಗೆ ಬೇಕಾದದ್ದು 'ಎಲಿಮೆಂಟಲ್ ಐರನ್', ಅಂದರೆ ಅದರೊಳಗಿನ ಬರೀ ಕಬ್ಬಿಣದ ತೂಕ. ಒಣಗಿಸಿದ ಫೆರಸ್ ಸಲ್ಫೇಟ್ 200 ಮಿ.ಗ್ರಾಂನಲ್ಲಿ ಕಬ್ಬಿಣ ಸುಮಾರು 65. ಫ್ಯೂಮರೇಟ್‌ನಲ್ಲಿ ಮೂರನೇ ಒಂದು ಪಾಲು, ಗ್ಲುಕೊನೇಟ್‌ನಲ್ಲಿ ನೂರಕ್ಕೆ ಹನ್ನೆರಡರಷ್ಟು. ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60. ಬೈಪಾಸ್ ಅಥವಾ ಸ್ಲೀವ್ ಆದವರಿಗೆ, ಆಪರೇಷನ್ ಆದ ಮುಟ್ಟಾಗುವ ಹೆಂಗಸರಿಗೆ ಕೊರತೆ ಬಾರದಂತೆ ದಿನಕ್ಕೆ ಒಟ್ಟು 45ರಿಂದ 60 ಮಿ.ಗ್ರಾಂ ಎಂಬುದು ಬೊಜ್ಜಿನ ಆಪರೇಷನ್ ಮಾಡುವ ಅಮೆರಿಕದ ಸರ್ಜನ್ನರ ಸಂಘದ ಸಲಹೆ. ಕೊರತೆ ಬಂದ ಮೇಲೆ 150ರಿಂದ 200. ಸ್ಟ್ರಿಪ್ಪಿನ ಮೇಲೆ 'ಎಸ್‌ಆರ್', 'ಎಂಟೆರಿಕ್ ಕೋಟೆಡ್' ಎಂದಿದ್ದರೆ ಬೇಡವೇ ಬೇಡ. ಅವು ಹೊಟ್ಟೆಗೆ ಹಿತವಾಗಲೆಂದು ನಿಧಾನವಾಗಿ, ಕರುಳಿನಲ್ಲಿ ಮುಂದೆ ಹೋಗಿ ಕರಗುತ್ತವೆ. ಮೊದಲೇ ದಾರಿ ತಪ್ಪಿದ ಬಸ್ಸು ಇನ್ನೂ ನಾಲ್ಕು ಊರು ದಾಟಿ ಬಾಗಿಲು ತೆರೆದಂತೆ. ಮೊದಲ ಕೆಲವು ವಾರ ಸಿರಪ್ ಅಥವಾ ಜಗಿಯುವ ಮಾತ್ರೆ ವಾಸಿ. ಸಿರಪ್ ಕುಡಿದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ಹಲ್ಲು ಕಪ್ಪಾಗುತ್ತದೆ.

ಯಾವ ಹೊತ್ತಿಗೆ? ಅನೇಕರಿಗೆ ಬೆಳಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ ಇರುತ್ತದೆ, ಅದಕ್ಕೂ ಕಬ್ಬಿಣಕ್ಕೂ ನಾಲ್ಕು ಗಂಟೆ ಅಂತರ ಬೇಕು. ಏಳಕ್ಕೆ ಕಾಫಿ, ಎಂಟೂವರೆಗೆ ತಿಂಡಿ. ಕಬ್ಬಿಣಕ್ಕೆ ಹನ್ನೊಂದು ಗಂಟೆ ಒಳ್ಳೆಯ ಹೊತ್ತು, ನೀರಿನ ಜೊತೆ ಅಥವಾ ಸ್ವಲ್ಪ ನಿಂಬೆರಸದ ಜೊತೆ. ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಕ್ಯಾಲ್ಸಿಯಂ, ಒಂದು ಸಲಕ್ಕೆ 500-600 ಮಿ.ಗ್ರಾಂ, ಸಿಟ್ರೇಟ್ ರೂಪದ್ದಾದರೆ ಮೇಲು. ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಂದೇ ಗುಟುಕಿಗೆ ನುಂಗಿ ಕೆಲಸ ಮುಗಿಸುವುದು ಬಹಳ ಮಂದಿ ಮಾಡುವ ತಪ್ಪು. ಕಾಫಿಯದ್ದು ಸ್ವಾರಸ್ಯದ ವಿಷಯ. 1983ರ ಅಮೆರಿಕದ ಅಧ್ಯಯನವೊಂದರಲ್ಲಿ ಊಟದ ಜೊತೆ ಕುಡಿದ ಕಾಫಿ ಕಬ್ಬಿಣ ಹೀರುವುದನ್ನು ಶೇ 39ರಷ್ಟು, ಚಹಾ ಶೇ 64ರಷ್ಟು ತಗ್ಗಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಮಾಡಲಿಲ್ಲ, ಒಂದು ಗಂಟೆ ಬಿಟ್ಟು ಕುಡಿದದ್ದು ಮಾತ್ರ ಜೊತೆಗೆ ಕುಡಿದಷ್ಟೇ ಕೆಡಿಸಿತು. ಊಟವಾದ ಮೇಲಿನ ಕಾಫಿಯೇ ಕಳ್ಳ.

ರಾಗಿಯ ಭಕ್ತರು ಬೇಸರಿಸಬಾರದು. ರಾಗಿಯಲ್ಲಿ ಕಬ್ಬಿಣವಿದೆ, ಆದರೆ ಅದರ ಜೊತೆಗೇ ಫೈಟೇಟ್, ಟ್ಯಾನಿನ್, ದಂಡಿಯಾಗಿ ಕ್ಯಾಲ್ಸಿಯಂ ಇವೆ, ಮೂರೂ ಕಬ್ಬಿಣದ ಕಾಲಿಗೆ ಅಡ್ಡ. ಮೊಳಕೆ ಬರಿಸಿದ ರಾಗಿಹಿಟ್ಟು ವಾಸಿ, ಫೈಟೇಟ್ ಒಡೆದಿರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಹಾಕಿ ಬೇಯಿಸಿದರೆ ಕಬ್ಬಿಣ ಬಿಡುವುದೂ ನಿಜವೇ. ಇವೆಲ್ಲ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ. ಅಂದಹಾಗೆ, ದಶಮಾಂಶ ಬಿಂದು ತಪ್ಪಿಟ್ಟದ್ದರಿಂದ ಪಾಲಕ್ ಸೊಪ್ಪಿಗೆ ಕಬ್ಬಿಣದ ಕೀರ್ತಿ ಬಂತು ಎಂಬ ಜಾಣರ ಕಥೆಗೂ ಆಧಾರ ಸಿಕ್ಕಿಲ್ಲ. ಮೂಢನಂಬಿಕೆ ಒಡೆಯಲು ಹೊರಟ ಕಥೆಯೇ ಇನ್ನೊಂದು ಮೂಢನಂಬಿಕೆ.

ದಿನ ಬಿಟ್ಟು ದಿನ ಮಾತ್ರೆ ನುಂಗಿದರೆ ಹೆಚ್ಚು ಹೀರುತ್ತದೆ ಎಂಬ ಸುದ್ದಿ ನೀವೂ ಕೇಳಿರಬಹುದು. ಅದರ ಹಿಂದೆ ವಿಜ್ಞಾನವಿದೆ: 60 ಮಿ.ಗ್ರಾಂ ನುಂಗಿದರೆ ಹೆಪ್ಸಿಡಿನ್ ಏರಿ ಮರುದಿನದ ಮಾತ್ರೆಗೆ ಬೀಗ ಬೀಳುತ್ತದೆ. ಆದರೆ ಆ ಪ್ರಯೋಗಗಳು ನಡೆದದ್ದು ಕರುಳು ಕತ್ತರಿಸದ ಹೆಂಗಸರ ಮೇಲೆ. ಬೈಪಾಸ್ ಆದವರು ಡಾಕ್ಟರನ್ನು ಕೇಳದೆ ಹಾಗೆ ಮಾಡಬಾರದು.

ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನಾಲ್ಕು ವಾರ ಸಾಕು. ಹಿಮೋಗ್ಲೋಬಿನ್ ಒಂದು ಗ್ರಾಂ ಕೂಡ ಏರದಿದ್ದರೆ ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಏರಿಸುವ ಹೊತ್ತು ಬಂದಿದೆ. ಎಷ್ಟು ಬೇಕೆಂಬುದಕ್ಕೆ ಗ್ಯಾನ್ಝೋನಿ ಸೂತ್ರವಿದೆ: ತೂಕವನ್ನು ಹಿಮೋಗ್ಲೋಬಿನ್ ಕೊರತೆಯಿಂದ, ಮತ್ತೆ 2.4ರಿಂದ ಗುಣಿಸಿ, ಗೋದಾಮಿಗೆಂದು 500 ಕೂಡಿಸುವುದು. ದಪ್ಪ ಮೈಯವರಿಗೆ ಇರುವ ತೂಕ ಬಿಟ್ಟು ಇರಬೇಕಾದ ತೂಕ ಹಿಡಿಯುತ್ತಾರೆ. 60 ಕೆ.ಜಿ., ಹಿಮೋಗ್ಲೋಬಿನ್ 8.6, ಗುರಿ 15 ಎಂದರೆ ಸುಮಾರು 1,420 ಮಿ.ಗ್ರಾಂ. ಇದನ್ನು 60ರ ಮಾತ್ರೆಯಿಂದ ತುಂಬಲು ಹೊರಟರೆ, ಹತ್ತನೇ ಒಂದು ಪಾಲು ಒಳಗೆ ಹೋಗಿ ನಿತ್ಯದ ಖರ್ಚು ಕಳೆದು ನಾಲ್ಕೂವರೆ ಉಳಿಯಿತು ಎಂದರೂ ಹತ್ತು ತಿಂಗಳು ಬೇಕು. ಡ್ರಿಪ್ಪಿನಲ್ಲಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಂದು ಸಲಕ್ಕೆ 1,000 ಮಿ.ಗ್ರಾಂವರೆಗೆ ಕಾಲು ಗಂಟೆಯಲ್ಲಿ ಹೋಗುತ್ತದೆ. ಐರನ್ ಸುಕ್ರೋಸ್ ಆದರೆ 200ರಂತೆ ಏಳೆಂಟು ಸಲ. ಮೊದಲನೆಯದಕ್ಕೆ ಒಂದು ಒಳಸುಳಿಯಿದೆ: ಅದು ರಕ್ತದ ಫಾಸ್ಫೇಟ್ ಇಳಿಸಬಲ್ಲದು. ವಿಟಮಿನ್ ಡಿ ಕೂಡ ಕಡಿಮೆಯಿದ್ದರೆ ಸುಸ್ತು ಹೋಗುವ ಬದಲು ಹೆಚ್ಚಾಗಿ, ಮೂಳೆ ನೋಯುತ್ತದೆ. ಆಗ ಇನ್ನೊಂದು ಬಾಟಲಿ ಏರಿಸುವ ಮೊದಲು ಫಾಸ್ಫೇಟ್ ಪರೀಕ್ಷಿಸಬೇಕು. ಸೂಜಿಯ ಜಾಗ ಉರಿದರೆ ತಕ್ಷಣ ಹೇಳಿ. ಚರ್ಮದಡಿ ಸೋರಿದ ಕಬ್ಬಿಣದ ಕಂದು ಕಲೆ ಬೇಗ ಅಳಿಯುವುದಿಲ್ಲ.

ಮಾತ್ರೆ ನುಂಗುವಾಗ ಮಲ ಕಪ್ಪಗಾಗುವುದು ಸಹಜ. ಟಾರಿನಂತೆ ಅಂಟಾಗಿ, ಕೆಟ್ಟ ನಾತ ಬಂದರೆ ಅದು ರಕ್ತ. ಚೀಲವನ್ನು ಕರುಳಿಗೆ ಹೊಲಿದ ಜಾಗದಲ್ಲಿ ಹುಣ್ಣಾಗುವುದುಂಟು. ಬೀಡಿ ಸಿಗರೇಟು, ಮೈಕೈ ನೋವಿಗೆಂದು ನುಂಗಿದ ಐಬುಪ್ರೊಫೇನ್, ಡೈಕ್ಲೊಫೆನಾಕ್ ಅದಕ್ಕೆ ಮುಖ್ಯ ಕಾರಣಗಳು. ತೂತು ಮುಚ್ಚದೆ ಕೊಡಕ್ಕೆ ನೀರು ಹೊಯ್ದು ಫಲವಿಲ್ಲ.

ಎಲ್ಲ ಸರಿಯಿದ್ದೂ ಹಿಮೋಗ್ಲೋಬಿನ್ ಏರದಿದ್ದರೆ ಜಿಂಕ್ ಕಡೆ ನೋಡಬೇಕು. ಆಪರೇಷನ್ ಆದ ಮೂರು ನಾಲ್ಕು ತಿಂಗಳಿಗೆ ಕೂದಲು ಉದುರುತ್ತದೆ. ತೂಕ ಬೇಗ ಇಳಿದದ್ದಕ್ಕೆ ಅದು ದೇಹದ ಮಾಮೂಲು ಉತ್ತರ. ಭಯಬಿದ್ದು ಮೆಡಿಕಲ್ ಶಾಪಿನಿಂದ ತಂದ ಜಿಂಕ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ತಾಮ್ರ ಹೀರುವುದು ನಿಲ್ಲುತ್ತದೆ. ಮಳಿಗೆಯ ಹಿಂಬಾಗಿಲಲ್ಲಿ ಕಬ್ಬಿಣವನ್ನು ಲಾರಿಗೆ ಏರಿಸುವ ಹಮಾಲಿಯ ಹೆಸರು ಹೆಫೆಸ್ಟಿನ್, ತಾಮ್ರವಿಲ್ಲದೆ ಅವನ ಕೈ ಆಡುವುದಿಲ್ಲ. ಮಲ್ಟಿವಿಟಮಿನ್ ಸ್ಟ್ರಿಪ್ಪಿನಲ್ಲಿ 8ರಿಂದ 15 ಮಿ.ಗ್ರಾಂ ಜಿಂಕಿಗೆ 1 ಮಿ.ಗ್ರಾಂ ತಾಮ್ರ ಇದೆಯೇ ಎಂದು ನೋಡಿ.