ಗಪ್ಪಿಯ ವರ್ಗೀಕರಣ: ಪೀಟರ್ಸ್ ಹೆಸರಿಗೆ ಆವರಣ ಯಾಕಿಲ್ಲ?

ಗಪ್ಪಿ ಎಂಬ ಪುಟ್ಟ ಅಕ್ವೇರಿಯಂ ಮೀನಿನ ವರ್ಗೀಕರಣದ ಏಣಿಯನ್ನು ಮೊದಲು ಬರೆದುಕೊಳ್ಳಿ. ಸಾಮ್ರಾಜ್ಯ ಅನಿಮೇಲಿಯಾ, ವಂಶ ಕಾರ್ಡೇಟಾ, ವರ್ಗ ಆಕ್ಟಿನೋಪ್ಟೆರಿಜಿಯೈ, ಗಣ ಸಿಪ್ರಿನೊಡಾಂಟಿಫಾರ್ಮಿಸ್, ಕುಟುಂಬ ಪೊಯಿಸಿಲಿಯಿಡೇ, ಜಾತಿ (ಜೀನಸ್) ಪೊಯಿಸಿಲಿಯಾ, ಪ್ರಭೇದ (ಸ್ಪೀಶೀಸ್) ಪೊಯಿಸಿಲಿಯಾ ರೆಟಿಕ್ಯುಲೇಟಾ. ಅಂಗಡಿಯಲ್ಲಿ ಸಿಗುವ ಕೋಬ್ರಾ ಗಪ್ಪಿ, ಟಕ್ಸೀಡೊ ಗಪ್ಪಿ ಎಲ್ಲ ಇದೇ ಪ್ರಭೇದದ ತಳಿಗಳು. ಏಣಿಯಲ್ಲಿ ಅವಕ್ಕೆ ಮೆಟ್ಟಿಲಿಲ್ಲ.

ಪರೀಕ್ಷೆಯಲ್ಲಿ ಅಂಕ ಹೋಗುವುದು ಗಣದ ಹೆಸರಲ್ಲಿ: ಸಿಪ್ರಿನೊಡಾಂಟಿಫಾರ್ಮಿಸ್ ಬದಲು ಸಿಪ್ರಿನಿಫಾರ್ಮಿಸ್ ಎಂದು ಬರೆದುಬಿಡುತ್ತಾರೆ. ಸಿಪ್ರಿನಿಫಾರ್ಮಿಸ್ ಎಂದರೆ ಕಾಟ್ಲಾ, ರೋಹು, ಗೋಲ್ಡ್‌ಫಿಶ್‌ಗಳ ಗಣ; ಅವುಗಳ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಗಪ್ಪಿಯ ದವಡೆಯಲ್ಲಿ ಹಲ್ಲಿದೆ, ಅದಕ್ಕೇ ನಡುವೆ 'ಡಾಂಟಿ' ಸೇರಿದೆ. ಗ್ರೀಕಿನ ಆ ಪದವೂ ನಮ್ಮ 'ದಂತ'ವೂ ಒಂದೇ ಮೂಲದವು. ಹಲ್ಲಿದ್ದರೆ ದಂತ, ದಂತವಿದ್ದರೆ ಡಾಂಟಿ. ಇಷ್ಟು ಸಾಕು.

ಕುಟುಂಬಕ್ಕೆ ಗುರುತು: ಗಂಡಿನ ಗುದ ಈಜುರೆಕ್ಕೆಯ 3, 4, 5ನೇ ಕಡ್ಡಿಗಳು ಉದ್ದವಾಗಿ ಗೊನೊಪೋಡಿಯಂ ಎಂಬ ಕೊಳವೆಯಂಥ ಅಂಗವಾಗಿರುತ್ತವೆ. ಹೆಣ್ಣು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ.

ಇನ್ನು ಆವರಣದ ಗೋಜಲು. ಪೂರ್ತಿ ಹೆಸರಿನ ಕೊನೆಗೆ ಮೊದಲು ಹೆಸರಿಟ್ಟವರ ಹೆಸರೂ ಇಸವಿಯೂ ಬರುತ್ತವೆ, ಕೆಲವೊಮ್ಮೆ ಆವರಣ ಚಿಹ್ನೆಯೊಳಗೆ. ಗಪ್ಪಿಯದು ಹೀಗೆ: ಪೊಯಿಸಿಲಿಯಾ ರೆಟಿಕ್ಯುಲೇಟಾ ಪೀಟರ್ಸ್, 1859. ಡೆನಿಸನ್ ಬಾರ್ಬ್ ಎಂಬ ಇನ್ನೊಂದು ಮೀನಿನದು ಹೀಗೆ: ಸಹ್ಯಾದ್ರಿಯಾ ಡೆನಿಸೋನಿಐ (ಡೇ, 1865). ಒಂದಕ್ಕೆ ಆವರಣವಿದೆ, ಇನ್ನೊಂದಕ್ಕಿಲ್ಲ. 'ಹೆಸರು ಬದಲಾಗಿದ್ದರೆ ಆವರಣ' ಎಂದು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ. ಗಪ್ಪಿಯ ಹೆಸರೂ ಬದಲಾಗಿದೆಯಲ್ಲ!

ಹಂತ ಹಂತವಾಗಿ ನೋಡಿ. 1859ರಲ್ಲಿ ಪೀಟರ್ಸ್ ವೆನೆಜುವೆಲಾದ ಮೀನನ್ನು ಪೊಯಿಸಿಲಿಯಾದಲ್ಲಿಟ್ಟು ಹೆಸರಿಟ್ಟರು. 1861ರಲ್ಲಿ ಡಿ ಫಿಲಿಪ್ಪಿ ಅದೇ ಮೀನನ್ನು ಹೊಸದೆಂದುಕೊಂಡು ಲೆಬಿಸ್ಟಿಸ್ ಪೊಯಿಸಿಲಿಯಾಯ್ಡಿಸ್ ಎಂದರು. 1866ರಲ್ಲಿ ಗುಂಟರ್, ಟ್ರಿನಿಡಾಡ್‌ನ ಆರ್. ಜೆ. ಎಲ್. ಗಪ್ಪಿಯವರ ಹೆಸರಿನಲ್ಲಿ ಗಿರಾರ್ಡಿನಸ್ ಗಪ್ಪಿಐ ಎಂದರು. ಮೊದಲು ಪ್ರಕಟವಾದದ್ದಕ್ಕೆ ಆದ್ಯತೆ, ಹಾಗಾಗಿ 'ರೆಟಿಕ್ಯುಲೇಟಾ' ಉಳಿಯಿತು. ಬಿದ್ದುಹೋದ ಹೆಸರು ಮಾತ್ರ ಜನರ ಬಾಯಲ್ಲಿ 'ಗಪ್ಪಿ'ಯಾಗಿ ಬದುಕಿದೆ. 1913ರಲ್ಲಿ ರೀಗನ್ ಜಾತಿಯನ್ನು ಲೆಬಿಸ್ಟಿಸ್‌ಗೆ ಬದಲಿಸಿದರು. ಆಗ ಬರೆಯಬೇಕಿದ್ದದ್ದು ಲೆಬಿಸ್ಟಿಸ್ ರೆಟಿಕ್ಯುಲೇಟಸ್ (ಪೀಟರ್ಸ್, 1859). ಆವರಣ ಬಂತು! 1963ರಲ್ಲಿ ರೋಸೆನ್ ಮತ್ತು ಬೇಯ್ಲಿ ಲೆಬಿಸ್ಟಿಸ್ಅನ್ನು ಪೊಯಿಸಿಲಿಯಾದೊಳಗೆ ಸೇರಿಸಿದರು. ಆವರಣ ಹೋಯಿತು.

ಅಂದರೆ ಆವರಣ ಕೇಳುವುದು ಒಂದೇ ಪ್ರಶ್ನೆ: ಮೊದಲು ಹೆಸರಿಟ್ಟಾಗ ಇದ್ದ ಜಾತಿಯೇ ಈಗಲೂ ಇದೆಯೇ? ಹೌದಾದರೆ ಆವರಣ ಬೇಡ. ನಡುವೆ ಎಷ್ಟು ಮನೆ ಬದಲಾಯಿಸಿತು ಎಂಬುದು ಲೆಕ್ಕಕ್ಕಿಲ್ಲ. ಮೊದಲ ದಿನ, ಇವತ್ತು, ಇವೆರಡನ್ನೇ ಹೋಲಿಸಿ. (ಇದು ಪ್ರಾಣಿಗಳ ನಿಯಮ. ಸಸ್ಯಗಳಲ್ಲಿ ಬದಲಿಸಿದವರ ಹೆಸರನ್ನೂ ಬರೆಯುತ್ತಾರೆ, ಬೆರೆಸಬೇಡಿ.)

-ಟಾ, -ಟಸ್ ವ್ಯತ್ಯಾಸ ಬರೀ ಲಿಂಗದ್ದು. ಪೊಯಿಸಿಲಿಯಾ ಸ್ತ್ರೀಲಿಂಗ, ಲೆಬಿಸ್ಟಿಸ್ ಪುಲ್ಲಿಂಗ. ಪ್ರಭೇದದ ಹೆಸರು ಗುಣವಾಚಕವಾದರೆ ಜಾತಿಯ ಲಿಂಗಕ್ಕೆ ಹೊಂದಿಕೊಳ್ಳುತ್ತದೆ. 'ರೆಟಿಕ್ಯುಲೇಟಾ' ಎಂದರೆ ಬಲೆಯಂಥ ಗೆರೆಯುಳ್ಳದ್ದು, ಗುಣವಾಚಕ. 'ಡೆನಿಸೋನಿಐ' ಎಂದರೆ 'ಡೆನಿಸನ್‌ನ', ಷಷ್ಠಿ ವಿಭಕ್ತಿ. ಯಾವ ಜಾತಿಗೆ ಹೋದರೂ ಅಲುಗದು. ಕೊನೆಯಕ್ಷರ ಬದಲಾಯಿತೆಂಬ ಮಾತ್ರಕ್ಕೆ ಆವರಣ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು.

ಉತ್ತರ ಮುಚ್ಚಿಟ್ಟುಕೊಂಡು ಮಾಡಿ ನೋಡಿ:

ಸೇಲ್‌ಫಿನ್ ಮೊಲ್ಲಿ ಮೊದಲು ಮೊಲಿಯೆನೀಸಿಯಾ, ಈಗ ಪೊಯಿಸಿಲಿಯಾ ಲ್ಯಾಟಿಪಿನ್ನಾ. ಆವರಣ ಬೇಕು: (ಲೆಸುಅರ್, 1821).

ಸ್ವೋರ್ಡ್‌ಟೇಲ್ ಮೊದಲಿಂದ ಇಂದಿನವರೆಗೆ ಜಿಫೊಫೋರಸ್ ಹೆಲೆರಿಐ. ಆವರಣವಿಲ್ಲ: ಹೆಕೆಲ್, 1848.

ಸೊಳ್ಳೆಮರಿ ತಿನ್ನಲೆಂದು ಬಾವಿ, ತೊಟ್ಟಿಗಳಿಗೆ ಗಪ್ಪಿಯ ಜೊತೆ ಬಿಡುವ ಗಾಂಬೂಸಿಯಾ ಅಫಿನಿಸ್ ಇದೇ ಕುಟುಂಬದ ಬೇರೆ ಜಾತಿ. ಮೊದಲು ಹೆಟರಾಂಡ್ರಿಯಾ. ಆವರಣ ಬೇಕು: (ಬೇರ್ಡ್ ಮತ್ತು ಗಿರಾರ್ಡ್, 1853).

ಏಂಜೆಲ್‌ಫಿಶ್ ಮೊದಲು ಝ್ಯೂಸ್ ಸ್ಕಲಾರಿಸ್, ಈಗ ಟೆರೊಫಿಲಮ್ ಸ್ಕಲಾರೆ. ಹೊಸ ಜಾತಿ ನಪುಂಸಕ ಲಿಂಗವಾದ್ದರಿಂದ ಕೊನೆಯಕ್ಷರವೂ ಬದಲು, ಆವರಣವೂ ಬೇಕು: (ಶುಲ್ಟ್ಸೆ, 1823).