ಗಡಿಯಾರ ತೋರಿಸಿದ ಕ್ಯಾಲರಿಯನ್ನು ತಟ್ಟೆಗೆ ಬಡಿಸಿಕೊಳ್ಳಬೇಡಿ

46 ವರ್ಷದ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ತೂಕ ಇಳಿಸುವ ಸಲಹೆ ಕೇಳಿ ನನ್ನಲ್ಲಿಗೆ ಬಂದಾಗ, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಮೊಬೈಲ್ ತೆರೆದು ಮೂರು ತಿಂಗಳ ಲೆಕ್ಕವನ್ನು ನನ್ನ ಮುಂದೆ ಹಿಡಿದರು. ದಿನವೂ ಬೆಳಿಗ್ಗೆ ಹಾಸನದ ಮಹಾರಾಜ ಪಾರ್ಕಿನಲ್ಲಿ ನಡಿಗೆ, ಸಂಜೆ ಮನೆಯ ಸುತ್ತಮುತ್ತ ಮತ್ತೊಂದಿಷ್ಟು. ಹತ್ತು ಸಾವಿರ ಹೆಜ್ಜೆ ತಪ್ಪಿದ ದಿನಗಳು ಬೆರಳೆಣಿಕೆಯಷ್ಟು. ತಿಂದದ್ದನ್ನೂ ಕುಡಿದದ್ದನ್ನೂ ಆ್ಯಪ್‌ನಲ್ಲಿ ಬರೆದಿಟ್ಟಿದ್ದರು. ಆದರೆ 68 ಕಿಲೋ ಇದ್ದ ತೂಕ 68.6 ಆಗಿತ್ತು. "ಮೇಡಂ, ಒಂದು ದಿನವೂ ಲೆಕ್ಕ ಮೀರಿಲ್ಲ, ಬೇಕಾದ್ರೆ ನೋಡಿ. ವಾಚಲ್ಲಿ ಐನೂರು ಕ್ಯಾಲರಿ ಬರ್ನ್ ಆಗಿದೆ ಅಂತ ಬಂದ ದಿನ ಮಾತ್ರ ರಾತ್ರಿ ಒಂದು ರೊಟ್ಟಿ ಜಾಸ್ತಿ ತಿಂದಿದ್ದೀನಿ" ಎಂದರು. ಅವರ ಶಿಸ್ತಿನಲ್ಲಿ ನನಗೆ ಒಂದು ಕೊರತೆಯೂ ಕಾಣಲಿಲ್ಲ. ಎಡವಟ್ಟಾಗಿದ್ದದ್ದು ಆ ಐನೂರರಲ್ಲಿ.

ಮುಂಗೈಗೆ ಕಟ್ಟಿಕೊಳ್ಳುವ ಸಾಧನ ಕ್ಯಾಲರಿಯನ್ನು ಅಳೆಯುವುದಿಲ್ಲ ಎಂಬುದನ್ನು ನಾನು ಪ್ರತಿಯೊಬ್ಬರಿಗೂ ಮೊದಲು ಹೇಳುತ್ತೇನೆ. ಅದು ಮುಖ್ಯವಾಗಿ ಅಳೆಯುವುದು ಎರಡು ಸಂಗತಿಗಳನ್ನು: ಒಳಗಿನ ಪುಟ್ಟ ಸಂವೇದಕದಿಂದ ಕೈಯ ಅಲುಗಾಟವನ್ನು, ಮತ್ತು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತದಿಂದ ನಾಡಿಬಡಿತವನ್ನು. ಇವೆರಡಕ್ಕೆ ನಾವು ಕೊಟ್ಟ ವಯಸ್ಸು, ತೂಕ, ಎತ್ತರಗಳನ್ನು ಸೇರಿಸಿ, ಕಂಪನಿಯವರು ಬರೆದಿಟ್ಟ ಒಂದು ಸೂತ್ರದ ಮೂಲಕ ಕ್ಯಾಲರಿಯನ್ನು ಅಂದಾಜು ಮಾಡುತ್ತದೆ. ದೇಹ ನಿಜವಾಗಿ ಎಷ್ಟು ಶಕ್ತಿ ವ್ಯಯಿಸಿತು ಎಂದು ಆಗಿಂದಾಗ ತಿಳಿಯಬೇಕಾದರೆ ಮುಖಕ್ಕೆ ಮುಸುಕು ಹಾಕಿ, ಉಸಿರಿನಲ್ಲಿ ಒಳಹೋದ ಆಮ್ಲಜನಕವನ್ನೂ ಹೊರಬಂದ ಇಂಗಾಲದ ಡೈಆಕ್ಸೈಡನ್ನೂ ಅಳೆಯಬೇಕು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಕೈಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ ಹೀಗೆಯೇ ತಾಳೆ ನೋಡಿದರು. ನಾಡಿಬಡಿತದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು ಶೇ. 5ರ ಒಳಗೇ ಇತ್ತು. ಕ್ಯಾಲರಿಯಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದದ್ದೇ ಸರಾಸರಿ ಶೇ. 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕಳಪೆಯಾದದ್ದು ಶೇ. 93ರಷ್ಟು. ಅಂದಿನಿಂದ ಸಾಧನಗಳು ಬದಲಾಗಿವೆ, ಆದರೆ ಮುಂಗೈಯಿಂದಲೇ ಇಡೀ ದೇಹದ ಖರ್ಚನ್ನು ಊಹಿಸುವ ವಿಧಾನ ಬದಲಾಗಿಲ್ಲ.

ಶಿಕ್ಷಕಿಯವರ ನಡಿಗೆಯನ್ನೇ ಲೆಕ್ಕ ಹಾಕಿ ನೋಡೋಣ. ಅವರ ಹತ್ತು ಸಾವಿರ ಹೆಜ್ಜೆಯೆಂದರೆ ಸುಮಾರು ಆರೂವರೆ ಕಿಲೋಮೀಟರ್. 68 ಕಿಲೋ ತೂಕದವರು ಸಮತಟ್ಟಾದ ದಾರಿಯಲ್ಲಿ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಅಷ್ಟು ದೂರ ನಡೆದರೆ 300ಕ್ಕೆ ತುಸು ಮೇಲೆ ಕ್ಯಾಲರಿ ಖರ್ಚಾಗುತ್ತದೆ. ಅದರಲ್ಲಿ, ಆ ಹೊತ್ತಿನಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ ಪಾಲನ್ನು ಕಳೆದರೆ ನಡಿಗೆಯಿಂದ ಹೆಚ್ಚುವರಿಯಾಗಿ ಕರಗಿದ್ದು 220ರಿಂದ 250 ಅಷ್ಟೆ. ಇದರ ಮೇಲೆ ಇನ್ನೊಂದು ತೊಡಕಿತ್ತು. ಆ್ಯಪ್ ಹಾಕಿಕೊಂಡ ಮೊದಲ ದಿನ ಅವರು ತಮ್ಮ ದಿನಚರಿಯನ್ನು 'ಮಧ್ಯಮ ಚಟುವಟಿಕೆ' ಎಂದು ಗುರುತಿಸಿದ್ದರು, ಆಮೇಲೆ ಗಡಿಯಾರವನ್ನೂ ಅದಕ್ಕೆ ಜೋಡಿಸಿದ್ದರು. ಮೊದಲ ಆಯ್ಕೆಯಲ್ಲೇ ನಡಿಗೆಯ ಪಾಲು ಸೇರಿಹೋಗಿರುವಾಗ, ಗಡಿಯಾರ ಅದೇ ನಡಿಗೆಯನ್ನು ಮತ್ತೊಮ್ಮೆ ಸೇರಿಸಿ 'ಇಂದು ಇನ್ನಿಷ್ಟು ತಿನ್ನಬಹುದು' ಎಂದು ತೋರಿಸುತ್ತಿತ್ತು. ಒಂದೇ ಸಂಬಳ ಎರಡು ಸಲ ಜಮೆಯಾಗಿದೆ ಎಂದು ನಂಬಿ ಖರ್ಚು ಮಾಡಿದರೆ ಆಗುವುದೇ ಇಲ್ಲಿಯೂ ಆಗಿತ್ತು. ವ್ಯಾಯಾಮದ ಕ್ಯಾಲರಿಯನ್ನು ಊಟದ ಲೆಕ್ಕಕ್ಕೆ ಸೇರಿಸುವ ಈ ಸೌಲಭ್ಯವನ್ನು ಅನೇಕ ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ತೂಕ ಇಳಿಸಲು ಬಂದವರ ಮೊಬೈಲ್‌ನಲ್ಲಿ ನಾನು ಮೊದಲು ಮಾಡಿಸುವ ಕೆಲಸ ಅದೇ.

ಇನ್ನು ಆ ಒಂದು ರೊಟ್ಟಿಯ ವಿಷಯ. ನಮ್ಮ ಜಿಲ್ಲೆಯಲ್ಲಿ ಅಕ್ಕಿರೊಟ್ಟಿ ಎಂಬ ಒಂದೇ ಹೆಸರಿಗೆ ಎರಡು ತಿನಿಸುಗಳಿವೆ. ಸಕಲೇಶಪುರದ ಕಡೆಯವರು ಹಿಟ್ಟನ್ನು ಬೇಯಿಸಿ ನಾದಿ, ತೆಳ್ಳಗೆ ತಟ್ಟಿ, ಎಣ್ಣೆ ಸೋಕಿಸದೆ ಸುಡುವ ರೊಟ್ಟಿಗೆ 40 ಗ್ರಾಂ ಹಿಟ್ಟು ಸಾಕು. ಅದು ಸುಮಾರು 140 ಕ್ಯಾಲರಿ. ಬಯಲುಸೀಮೆಯ ಕಡೆ ಈರುಳ್ಳಿ, ಸಬ್ಬಸಿಗೆ ಸೊಪ್ಪು ಬೆರೆಸಿ ಕಾವಲಿಯ ಮೇಲೆ ತಟ್ಟುವ ರೊಟ್ಟಿಗೆ 80 ಗ್ರಾಂ ಹಿಟ್ಟು, ಎರಡು ಚಮಚ ಎಣ್ಣೆ ಹೋಗುತ್ತದೆ. ಅದು 360ರ ಹತ್ತಿರ. ಆ್ಯಪ್‌ನಲ್ಲಿ ಶಿಕ್ಷಕಿಯವರು ಆರಿಸುತ್ತಿದ್ದದ್ದು 'ಅಕ್ಕಿರೊಟ್ಟಿ, 1' ಎಂಬುದನ್ನು, 150 ಕ್ಯಾಲರಿಗೆ. ತಿನ್ನುತ್ತಿದ್ದದ್ದು ಎರಡನೆಯದನ್ನು. ಬೆಳಗಿನಿಂದ ನಡೆದು ಕರಗಿಸಿದ್ದೆಲ್ಲ ಆ ಒಂದು ರೊಟ್ಟಿಯಲ್ಲೇ ಮರಳಿ ಬಂದು, ಮೇಲೆ ನೂರು ಉಳಿಯುತ್ತಿತ್ತು. ಮುದ್ದೆಯದೂ ಇದೇ ಪಾಡು. ಮುದ್ದೆ ನೀರು ಕುಡಿಯುವ ಅಡುಗೆಯಾದ್ದರಿಂದ ಬೆಂದ ಮುದ್ದೆಯ ಗಾತ್ರ ನೋಡಿ ಲೆಕ್ಕ ಹಾಕಲಾಗದು; ಒಣ ಹಿಟ್ಟನ್ನು ತೂಗಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ ಇರುತ್ತದೆ. ಮನೆಯಲ್ಲಿ ಎಷ್ಟು ಹಿಟ್ಟಿಗೆ ಎಷ್ಟು ಮುದ್ದೆ ಕಟ್ಟುತ್ತಾರೆ ಎಂದು ಒಂದೇ ಒಂದು ದಿನ ನೋಡಿಕೊಂಡರೆ ಮುಂದೆ ಪ್ರತಿದಿನ ತೂಗುವ ಗೋಜಿರುವುದಿಲ್ಲ. ಅನ್ನಕ್ಕೂ ಅಷ್ಟೆ, ಅಕ್ಕಿಯನ್ನು ಅಳೆಯಿರಿ.

ಅವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಿದ್ದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಕಾಫಿ. 'ಕಾಫಿ, 1 ಕಪ್, 2 ಕ್ಯಾಲರಿ' ಎಂದು ದಿನಕ್ಕೆ ನಾಲ್ಕು ಸಲ ದಾಖಲಾಗಿತ್ತು. ಹಾಲು, ಸಕ್ಕರೆ ಎರಡೂ ಇಲ್ಲದ ಬರಿಯ ಡಿಕಾಕ್ಷನ್ನಿನ ಲೆಕ್ಕ ಅದು. ನಮ್ಮ ಮನೆಗಳ ಕಾಫಿಯಲ್ಲಿ 100 ಮಿಲಿಲೀಟರ್ ಗಟ್ಟಿ ಹಾಲು, ಎರಡು ಚಮಚ ಸಕ್ಕರೆ ಇದ್ದರೆ ಒಂದು ಲೋಟಕ್ಕೆ ನೂರರ ಮೇಲಾಗುತ್ತದೆ. ದಿನಕ್ಕೆ 8 ಎಂದು ಬರೆದ ಜಾಗದಲ್ಲಿ 400 ಇರಬೇಕಾಗಿತ್ತು. ಕಾಫಿ ಬೆಳೆಯುವ ನಾಡಿನಲ್ಲಿ ಯಾರ ಮನೆಗೆ ಹೋದರೂ ಲೋಟ ಕೈಗೆ ಬರುತ್ತದೆ, ಬೇಡ ಎನ್ನುವುದು ಸುಲಭವಲ್ಲ ಎಂಬುದನ್ನು ನಾನು ಬಲ್ಲೆ. ಆದ್ದರಿಂದ ಕಾಫಿ ಬಿಡಿ ಎಂದು ಹೇಳುವುದಿಲ್ಲ, ಸಕ್ಕರೆಯನ್ನು ಕಡಿಮೆ ಮಾಡಿ ಎಂದು ಕೇಳುತ್ತೇನೆ.

ಆ್ಯಪ್‌ಗೆ ಎಂದೂ ಸರಿಯಾಗಿ ಸಿಗದ ಇನ್ನೊಂದು ಪದಾರ್ಥ ಎಣ್ಣೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ ಇದೆ, ಹಿಟ್ಟಿನಲ್ಲಿರುವ ಪಿಷ್ಟಕ್ಕೂ ಸಕ್ಕರೆಗೂ 4. ಒಗ್ಗರಣೆಯಲ್ಲಿ ಕೈ ಸ್ವಲ್ಪ ಬಗ್ಗಿದರೂ ಲೆಕ್ಕ ಬುಡಮೇಲಾಗುತ್ತದೆ. ಇದಕ್ಕೆ ನನ್ನ ಬಳಿ ಇರುವ ಉಪಾಯ ಹಳೆಯದು: ತಿಂಗಳ ದಿನಸಿ ಚೀಟಿಯನ್ನು ತಂದು ತೋರಿಸಿ ಎನ್ನುತ್ತೇನೆ. ಶಿಕ್ಷಕಿಯವರ ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆ ಬರುತ್ತಿತ್ತು. ಅದನ್ನು ಮೂವತ್ತು ದಿನಕ್ಕೆ, ನಾಲ್ವರಿಗೆ ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲರಿ; ತುಪ್ಪ, ತೆಂಗಿನಕಾಯಿ ಬೇರೆ. ಐದು ಲೀಟರ್ ಮೂರಕ್ಕೆ ಇಳಿದರೆ ಪ್ರತಿಯೊಬ್ಬರಿಗೂ ದಿನಕ್ಕೆ 140ರಷ್ಟು ಕಡಿಮೆಯಾಗುತ್ತದೆ, ಯಾರೂ ಏನನ್ನೂ ಮೊಬೈಲ್‌ನಲ್ಲಿ ಬರೆಯಬೇಕಾಗಿಲ್ಲ.

ಪ್ರಾಮಾಣಿಕರೂ ಹೀಗೆ ತಪ್ಪುತ್ತಾರೆ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ತೂಕ ಇಳಿಯದವರನ್ನು 'ಕದ್ದು ತಿನ್ನುತ್ತಾರೆ' ಎಂದು ಮನೆಯವರೇ ಅನ್ನುವುದನ್ನು ನಾನು ಕೇಳಿದ್ದೇನೆ, ಅದು ತುಂಬ ನೋಯಿಸುವ ಮಾತು. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಒಂದು ಚಿಕ್ಕ ಗುಂಪನ್ನು 1992ರಲ್ಲಿ ಅಮೆರಿಕದ ಸಂಶೋಧಕರು ನಿಖರವಾಗಿ ಪರೀಕ್ಷಿಸಿದಾಗ, ಅವರು ಸರಾಸರಿ ಶೇ. 47ರಷ್ಟು ಆಹಾರವನ್ನು ಕಡಿಮೆ ಹೇಳಿದ್ದರು, ಶೇ. 51ರಷ್ಟು ಚಟುವಟಿಕೆಯನ್ನು ಹೆಚ್ಚು ಹೇಳಿದ್ದರು.

ಹೆಜ್ಜೆಗಳ ಎಣಿಕೆಯನ್ನು ನಾನು ಕ್ಯಾಲರಿಗಿಂತ ಹೆಚ್ಚು ನಂಬುತ್ತೇನೆ, ಆದರೆ ಅದಕ್ಕೂ ಮಿತಿ ಉಂಟು. ಸಕಲೇಶಪುರದ ಆಚೆಯ ತೋಟವೊಂದರ ರೈಟರ್ (ತೋಟದ ಲೆಕ್ಕ, ಆಳುಗಳ ಉಸ್ತುವಾರಿ ನೋಡುವವರು) ಒಬ್ಬರ ಬ್ಯಾಂಡ್, ಕಲ್ಲುದಾರಿಯಲ್ಲಿ ಜೀಪು ಕುಲುಕಿದಾಗಲೂ ಹೆಜ್ಜೆ ಎಣಿಸುತ್ತಿತ್ತು. ಕೊಯ್ಲಿನ ದಿನಗಳಲ್ಲಿ ಅವರು ಕೋಲೂರಿಕೊಂಡು ಏರು ಹತ್ತುವಾಗ, ಕೈ ಅಷ್ಟಾಗಿ ಬೀಸದ ಕಾರಣ, ಎಷ್ಟೋ ಹೆಜ್ಜೆಗಳನ್ನು ಬಿಟ್ಟುಬಿಡುತ್ತಿತ್ತು. ಹತ್ತು ಸಾವಿರ ಎಂಬ ಗುರಿಯೂ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ 'ಮನ್‌ಪೊಕೇ' ಎಂದು ಹೆಸರಿಟ್ಟಿದ್ದರು, ಅದರ ಅರ್ಥವೇ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ವಯಸ್ಸಾದ ಮಹಿಳೆಯರನ್ನು ಕುರಿತು 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ತೀರ ಕಡಿಮೆ ನಡೆಯುವವರಿಗಿಂತ ದಿನಕ್ಕೆ 4,400 ಹೆಜ್ಜೆ ನಡೆಯುವವರಲ್ಲೂ ಸಾವಿನ ಅಪಾಯ ಕಡಿಮೆ ಕಂಡಿತು, 7,500ರ ನಂತರ ಲಾಭ ಹೆಚ್ಚುತ್ತಾ ಹೋಗಲಿಲ್ಲ. ಈಗ ಮೂರು ಸಾವಿರ ನಡೆಯುವವರು ಐದು ಸಾವಿರಕ್ಕೆ ಬರಲಿ. ಸಕ್ಕರೆ, ರಕ್ತದೊತ್ತಡ, ನಿದ್ದೆ ಇವುಗಳಿಗೆ ಅದರಿಂದ ಆಗುವ ಉಪಕಾರವನ್ನು ತೂಕದ ಯಂತ್ರ ತೋರಿಸುವುದಿಲ್ಲ.

ತೂಕ ಇಳಿಸಲು ಬ್ಯಾಂಡ್ ಒಂದೇ ಸಾಲದು ಎನ್ನುವುದಕ್ಕೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗ ಕಣ್ಣ ಮುಂದಿದೆ. 2016ರಲ್ಲಿ ಪ್ರಕಟವಾದ ಅದರಲ್ಲಿ 18ರಿಂದ 35 ವರ್ಷದ 471 ಜನರಿದ್ದರು. ಎಲ್ಲರಿಗೂ ಆರು ತಿಂಗಳು ಒಂದೇ ಬಗೆಯ ಆಹಾರ, ವ್ಯಾಯಾಮದ ಸಲಹೆ ಕೊಟ್ಟು, ಬಳಿಕ ಅರ್ಧದಷ್ಟು ಜನರಿಗೆ ಸಾಧನ ಕೊಟ್ಟರು, ಉಳಿದವರು ತಾವೇ ಬರೆದಿಡುತ್ತಾ ಹೋದರು. ಎರಡು ವರ್ಷದ ಕೊನೆಗೆ ಸಾಧನ ಧರಿಸಿದವರು 3.5 ಕಿಲೋ ಇಳಿದಿದ್ದರು, ಧರಿಸದವರು 5.9 ಕಿಲೋ. ಹಾಗೆಂದು ಬ್ಯಾಂಡನ್ನು ಬಿಚ್ಚಿಡಿ ಎಂದು ನಾನು ಹೇಳುವುದಿಲ್ಲ. ಕುಳಿತಲ್ಲಿಂದ ಎಬ್ಬಿಸಲು, ಈ ವಾರ ಕಳೆದ ವಾರಕ್ಕಿಂತ ಹೆಚ್ಚು ನಡೆದೆನೇ ಎಂದು ನೋಡಿಕೊಳ್ಳಲು ಅದು ಒಳ್ಳೆಯದು. ಊಟವನ್ನು ಬರೆದಿಡುವುದರಲ್ಲಿಯೂ ಲಾಭವಿದೆ, ವಿಶೇಷವಾಗಿ ಮೊದಲ ಎರಡು ಮೂರು ವಾರ.

ಕೆಲವರು ಈ ಆ್ಯಪ್‌ಗಳಿಂದ ದೂರವಿರಬೇಕು ಅಥವಾ ವೈದ್ಯರನ್ನು ಕೇಳಿಯೇ ಬಳಸಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಆ್ಯಪ್ ಹೇಳಿತೆಂದು ಊಟ ಕಡಿತ ಮಾಡಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಇದಕ್ಕೆ ಕೈಹಾಕುವುದೇ ಬೇಡ. ಒಂದು ತುತ್ತು ಲೆಕ್ಕ ಮೀರಿದರೆ ಅಳುವ, ಊಟ ಬಿಡುವ ಹದಿಹರೆಯದ ಮಗಳು ಮನೆಯಲ್ಲಿದ್ದರೆ ತಂದೆತಾಯಿ ಅದನ್ನು ಹಠವೆಂದು ತಳ್ಳಿಹಾಕದೆ ಬೇಗ ಕರೆತರಬೇಕು.

ಶಿಕ್ಷಕಿಯವರಿಗೆ ನಾನು ಗಡಿಯಾರವನ್ನು ಆ್ಯಪ್‌ನಿಂದ ಬೇರ್ಪಡಿಸಿ ಕೊಟ್ಟೆ. ತೂಕವನ್ನು ದಿನವೂ ನೋಡದೆ ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಲು, ತಿಂಗಳಿಗೊಮ್ಮೆ ಟೇಪು ಹಿಡಿದು ಸೊಂಟ ಅಳೆಯಲು ಹೇಳಿದೆ. ಭಾರತೀಯ ಮಹಿಳೆಯರಿಗೆ 80 ಸೆಂಟಿಮೀಟರ್, ಪುರುಷರಿಗೆ 90 ಎಂಬುದು ಎಚ್ಚರಿಕೆಯ ಗೆರೆ. ನಾಲ್ಕು ತಿಂಗಳಿನ ನಂತರ ಬಂದಾಗ ಅವರ ತೂಕ 65.4 ಕಿಲೋ ಇತ್ತು, ಹೆಜ್ಜೆಗಳು ಮೊದಲಿಗಿಂತ ಹೆಚ್ಚೇನೂ ಆಗಿರಲಿಲ್ಲ. ಅಡುಗೆಮನೆಗೆ ಒಂದು ಸಣ್ಣ ತಕ್ಕಡಿ ಬಂದಿತ್ತು. ತವರು ಸಕಲೇಶಪುರದ ಕಡೆ. ಅಲ್ಲಿಂದ ತಾಯಿ ಕಟ್ಟಿಕೊಡುವ ಒಣರೊಟ್ಟಿಯನ್ನು ಆ್ಯಪ್‌ನಲ್ಲಿ ತಾವೇ ಹೊಸದಾಗಿ ಸೇರಿಸಿಕೊಂಡಿದ್ದಾರೆ: 'ಅಮ್ಮನ ರೊಟ್ಟಿ, ಹಿಟ್ಟು 40 ಗ್ರಾಂ, ಎಣ್ಣೆ ಇಲ್ಲ.'