ಅತ್ತೆಯ ಕೊರಳಲ್ಲಿದ್ದ ಬೀಗದ ಕೈ

"ಮಗಳು ಕ್ಲಾಸಿಗೇ ಫಸ್ಟ್ ಡಾಕ್ಟ್ರೇ, ಮನೇಲಿ ತುಟಿ ಪಿಟಕ್ ಅನ್ನಲ್ಲ" ಎಂದು ಯಾರಾದರೂ ಹೇಳಿದರೆ, ನಾನು ಮೊದಲು ಮಗುವಿನ ಮುಖ ನೋಡುತ್ತೇನೆ. ಮಕ್ಕಳ ಮನೋವೈದ್ಯೆಯಾಗಿ ಬಂದ ಅಭ್ಯಾಸ ಇದು. ಅಂಥ ಮಕ್ಕಳನ್ನು ಅರ್ಥ ಮಾಡಿಕೊಳ್ಳಲು ನನಗೆ ತುಂಬ ನೆರವಾದದ್ದು ಅಡೆಲೀನ್ ಯೆನ್ ಮಾ ಅವರ ಆತ್ಮಕಥೆ 'ಫಾಲಿಂಗ್ ಲೀವ್ಸ್'. 1997ರಲ್ಲಿ ಬಂದ ಪುಸ್ತಕ.

ಅಡೆಲೀನ್ ಹುಟ್ಟಿದ್ದು 1937ರಲ್ಲಿ, ಚೀನಾದ ತಿಯಾನ್‌ಜಿನ್‌ನ ಹಣವಂತರ ಮನೆಯಲ್ಲಿ. ಐದನೆಯ ಕೂಸು. ಎರಡೇ ವಾರಕ್ಕೆ ತಾಯಿ ಬಾಣಂತಿ ನಂಜಿನಿಂದ ತೀರಿಕೊಂಡರು. ಅಕ್ಕ, ಅಣ್ಣಂದಿರು ಇವಳನ್ನೇ ಅನಿಷ್ಟ ಅಂದರು. ತಾಯಿಯನ್ನು ತಿಂದುಕೊಂಡು ಹುಟ್ಟಿದವಳು ಅನ್ನುವ ಮಾತು ನಮ್ಮಲ್ಲೂ ಇದೆ ಅಲ್ವಾ? ಆಮೇಲೆ ಮಲತಾಯಿ ಬಂದರು. ತಂದೆ ಅವರ ಮಾತು ಮೀರಲಿಲ್ಲ.

1948ರಲ್ಲಿ ಕಮ್ಯುನಿಸ್ಟ್ ಸೇನೆ ಹತ್ತಿರ ಬರುತ್ತಿತ್ತು. ಜನ ತಿಯಾನ್‌ಜಿನ್ ಬಿಟ್ಟು ಓಡುತ್ತಿದ್ದರು. ಶಾಂಘೈನಲ್ಲಿದ್ದ ಮಗಳನ್ನು ತಂದೆ ಅದೇ ತಿಯಾನ್‌ಜಿನ್‌ನ ವಸತಿ ಶಾಲೆಗೆ ಬಿಡಲು ಹೊರಟರು. ಫಾರಂ ತುಂಬುವಾಗ ಅವಳ ಚೀನೀ ಹೆಸರು ಅವರಿಗೆ ನೆನಪಾಗಲಿಲ್ಲ. ಹುಟ್ಟಿದ ದಿನವೂ ಗೊತ್ತಿರಲಿಲ್ಲ. ತಮ್ಮದೇ ಹುಟ್ಟುಹಬ್ಬದ ತಾರೀಕು ಬರೆದರು.

ಇಷ್ಟಾದರೂ ಮಗು ಸಿಟ್ಟಾಗುವುದಿಲ್ಲ. ಯಾಕೆ ಅಂತ ಪೋಷಕರು ನನ್ನನ್ನು ಕೇಳುತ್ತಾರೆ. ಅಪ್ಪ ಅಮ್ಮನದೇ ತಪ್ಪು ಅಂದುಕೊಂಡರೆ ಮಗುವಿಗೆ ದಿಕ್ಕೇ ಉಳಿಯುವುದಿಲ್ಲ, ಅನ್ನ ಹಾಕುವವರು ಅವರೇ. ತಪ್ಪು ನನ್ನದೇ ಅಂದುಕೊಂಡರೆ ಒಂದು ಆಸೆ ಇರುತ್ತದೆ: ಇನ್ನೂ ಜಾಣೆಯಾದರೆ, ಇನ್ನೂ ಒಳ್ಳೆಯವಳಾದರೆ ನನ್ನನ್ನು ಎತ್ತಿಕೊಳ್ಳುತ್ತಾರೆ. ಆ ಆಸೆಯೇ ಪುಸ್ತಕ ಹಿಡಿಸುತ್ತದೆ. ಅಡೆಲೀನ್ 14ನೇ ವಯಸ್ಸಿನಲ್ಲಿ ನಾಟಕ ಬರೆದು ಬಹುಮಾನ ಗೆದ್ದರು. ಆಗ ತಂದೆ ಇಂಗ್ಲೆಂಡಿನಲ್ಲಿ ಓದಲು ಒಪ್ಪಿದರು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ವೈದ್ಯೆಯಾದರು. ಆದರೆ 1990ರಲ್ಲಿ ಮಲತಾಯಿ ಸತ್ತಾಗ, ಉಯಿಲಿನಲ್ಲಿ ತನಗೆ ಏನೂ ಇಲ್ಲ ಅಂತ ತಿಳಿದು ಕುಸಿದರು. ಹಣಕ್ಕಾಗಿ ಅಲ್ಲ. ಐವತ್ತು ದಾಟಿದ ಆ ಹೆಂಗಸಿನೊಳಗೆ ಹುಡುಗಿ ಇನ್ನೂ ಕಾಯುತ್ತಿದ್ದಳು. ಆ ಪುಟಗಳನ್ನು ಓದುವಾಗ ನನಗೆ ಕಣ್ಣು ತುಂಬಿ ಬರುತ್ತದೆ.

ಹಾಗಾದರೆ ಅವಳು ಉಳಿದದ್ದು ಹೇಗೆ? ನನ್ನ ಪ್ರಕಾರ ಅವಳ ಸೋದರತ್ತೆಯಿಂದ. ಮದುವೆಯಾಗದ, ಮನೆಯಲ್ಲಿ ಜಾಸ್ತಿ ಮಾತು ನಡೆಯದ ಹೆಂಗಸು. ಪುಟ್ಟ ಹುಡುಗಿ ಶಾಲೆಯಿಂದ ತಂದ ಪ್ರಶಸ್ತಿ ಪತ್ರವನ್ನು ಈ ಅತ್ತೆ ಸುಮ್ನೆ ನೋಡಿ ಪಕ್ಕಕ್ಕಿಡಲಿಲ್ಲ. ಕೊರಳಲ್ಲಿದ್ದ ಬೀಗದ ಕೈ ತೆಗೆದು ತಿಜೋರಿ ತೆರೆದರು. ಪಚ್ಚೆಯ ಬಳೆ, ಮುತ್ತಿನ ಸರದ ಅಡಿಯಲ್ಲಿ ಆ ಕಾಗದವನ್ನು ಜೋಪಾನವಾಗಿಟ್ಟರು.

ಇದನ್ನು ಓದಿದ ಮೇಲೆ ನನ್ನ ಬಳಿ ಬರುವ ಮಕ್ಕಳನ್ನು ಒಂದು ಮಾತು ಕೇಳುತ್ತೇನೆ. "ನಿನ್ನ ಮಾರ್ಕ್ಸ್ ಕಾರ್ಡ್ ಯಾರು ಎತ್ತಿಟ್ಟುಕೊಳ್ತಾರೆ, ಪುಟ್ಟಿ?" ಥಟ್ಟನೆ "ಅಜ್ಜಿ" ಅಂತ ಉತ್ತರ ಬಂದರೆ, ಮುಂದಿನ ಸಲ ಅಜ್ಜಿಯನ್ನೂ ಕರೆದುಕೊಂಡು ಬರಲು ಹೇಳುತ್ತೇನೆ.